ತಿನ್ನದವನ ನೀರುಳ್ಳಿ

ಚಿನ್ನ ಅಗೆದ ಊರು ಬಲ್ಲರಾಟ್.
ಇಲ್ಲಿಯ ಪಬ್ಬೊಂದರ ಹಿಂಬದಿಯ ಅಡುಗೆಮನೆಯಲ್ಲಿ
ಬೆಳಗ್ಗೆ ಏಳಕ್ಕೆ, ಕಿಟಕಿಯ ಗಾಜಿನಲ್ಲಿ ಇಬ್ಬನಿ ಇನ್ನೂ ಗಟ್ಟಿಯಿರುವಾಗ,
ಇಪ್ಪತ್ತು ಕಿಲೋ ಚೀಲದ ಬಾಯಿ ಬಿಚ್ಚುತ್ತೇನೆ.

ಧರಣೇಂದ್ರ ನನ್ನ ಹೆಸರು.
ಇವರ ಬಾಯಲ್ಲಿ ಡ್ಯಾರೆನ್.
ಧರಣಿಗೇ ಒಡೆಯ; ಆದರೆ
ಧರಣಿಯ ಒಳಗೆ ಊದಿಕೊಂಡ ಒಂದನ್ನೂ
ನಲವತ್ತೊಂದು ವರ್ಷ ನಾಲಿಗೆಗೆ ಮುಟ್ಟಿಸಿದವನಲ್ಲ.
ಮೂಡುಬಿದಿರೆಯ ನಮ್ಮ ಬಸದಿ ಬೀದಿಯಲ್ಲಿ
ನೀರುಳ್ಳಿಯೆಂದರೆ ಪಕ್ಕದ ಕೇರಿಯಿಂದ ಬರುವ ಗಾಳಿ,
ಅಜ್ಜಿ ಎದ್ದು ಹೋಗಿ ಮುಚ್ಚುವ ಕಿಟಕಿ.

ಕಲಿಸಿದವಳು ಡೊರೀನ್.
ಮಾಂಸದ ಒಲೆ ಅವಳದು, ತರಕಾರಿಯ ಹಲಗೆ ನನ್ನದು.
ಮೊಣಕೈವರೆಗೂ ಸುಟ್ಟ ಗೆರೆಗಳು, ಮಾತು ಕಮ್ಮಿ.
‘ಬಣ್ಣ ನೋಡಬೇಡ ಡ್ಯಾರೆನ್,
ಯಾವುದು ಎಷ್ಟು ಹೊತ್ತು ಕಾಯುತ್ತದೆ, ಅದು ನೋಡು.’

ಕಂದು ಒರಟ. ಅಂಗಿಯ ಮೇಲೊಂದು ಒಣ ಅಂಗಿ.
ಮೊದಲ ಕೊಯ್ತಕ್ಕೇ ಕಣ್ಣಿಗೆ ಕೈ ಹಾಕುವ ಜಗಳಗಂಟ.
ಬೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಟ್ಟರೆ
ಮೊದಲು ಚಟಪಟ, ಆಮೇಲೆ ಪಿಸುಮಾತು,
ಆಮೇಲೆ ಸುಮ್ಮನೆ.
ಸುಮ್ಮನಾದ ಗಳಿಗೆಯಲ್ಲೇ ಬೆಲ್ಲದ ಬಣ್ಣ.
ಅವಸರ ಮಾಡಿದವರಿಗೆ ಕರಿ, ಕಹಿ, ಬೈಗುಳ.

ಕೆಂಪಿಗೆ ಒಲೆ ಆಗದು.
ರಾತ್ರಿಯಿಡೀ ಮೆರೆದ ವೇಷ
ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ಒರೆಸಿದಂತೆ
ಬಾಣಲೆಯಲ್ಲಿ ಅದರ ಮುಖ ಬೂದಿ.
ಹಸಿಯಾಗಿ ಬಳೆ ಬಳೆಯಾಗಿ ಕತ್ತರಿಸು,
ವಿನೆಗರಿನಲ್ಲಿ ಹತ್ತು ನಿಮಿಷ ಕೂರಿಸು,
ಆಗ ನೋಡು, ಇನ್ನೊಮ್ಮೆ ರಂಗಸ್ಥಳಕ್ಕೆ.

ಬಿಳಿಯದರ ಸಿಪ್ಪೆ ಹೆಸರಿಗೆ ಮಾತ್ರ,
ಹಳೆಯ ಇನ್‌ಲ್ಯಾಂಡ್ ಪತ್ರದಷ್ಟೂ ದಪ್ಪವಿಲ್ಲ.
ಕಚಕ್ಕನೆ ಸೀಳುತ್ತದೆ, ಜಳಕ್ಕನೆ ಬೇಯುತ್ತದೆ,
ಇಟ್ಟರೆ ಬೇಗ ಕೊಳೆಯುತ್ತದೆ.
ಅಂಥವರು ನನಗೆ ಇಬ್ಬರು ಗೊತ್ತು.

ಸಿಡ್ನಿಯಿಂದ ಬಂದ ಹುಡುಗ ಕೀರನ್
‘ಶಲಟ್ ತಾ’ ಅಂದ. ತಂದುಕೊಟ್ಟೆ:
ತಾಮ್ರದ ಬಣ್ಣದ ಪುಟ್ಟ ಗಡ್ಡೆ, ಒಳಗೆ ಅಣ್ಣತಮ್ಮಂದಿರ ಹಾಗೆ ಎರಡು ಹೋಳು,
ವೈನಿನ ಸಾರಿಗೆ ಡೊರೀನ್ ಬಚ್ಚಿಟ್ಟದ್ದು, ದುಬಾರಿ.
ಅವನಿಗೆ ಬೇಕಿದ್ದದ್ದು ಹಸಿರು ಬಾಲದ್ದು,
ಇಲ್ಲಿಯವರು ಸ್ಪ್ರಿಂಗ್ ಆನಿಯನ್ ಅನ್ನುವುದು.
ಇಬ್ಬರೂ ಹೆಸರಿಗಾಗಿ ಕಾಲು ಗಂಟೆ ಕಿತ್ತಾಡಿದರು.
ನಾನು ನಕ್ಕೆ.
ನಮ್ಮಲ್ಲಿ ಘಟ್ಟ ಹತ್ತಿದರೆ ಅದು ಈರುಳ್ಳಿ,
ತುಂಗಭದ್ರೆ ದಾಟಿದರೆ ಉಳ್ಳಾಗಡ್ಡಿ.
ಹೇಳಲಿಲ್ಲ. ಮತ್ತೊಂದು ಕಾಲು ಗಂಟೆ ಹೋಗುತ್ತಿತ್ತು.

ಒಂದು ದಿನ ಡೊರೀನ್ ಚಮಚ ಚಾಚಿದಳು:
‘ಉಪ್ಪು ನೋಡು.’
‘ನಾನು ತಿನ್ನುವುದಿಲ್ಲ.’
‘ಇವತ್ತೋ?’
‘ಯಾವತ್ತೂ.’
ಹುಡ್‌ನ ಫ್ಯಾನು ತಿರುಗುತ್ತಲೇ ಇತ್ತು.
‘ಎರಡು ವರ್ಷ, ಒಂದು ಬಾಣಲೆಯನ್ನೂ ನೀನು ಸೀಸಿದವನಲ್ಲ.
ಮತ್ತೆ ಹೇಗೆ?’
ಕಿವಿ ತೋರಿಸಿದೆ. ಮೂಗು ತೋರಿಸಿದೆ.
ಕಣ್ಣು ತೋರಿಸುವ ಅಗತ್ಯವಿರಲಿಲ್ಲ.
ನೀರು ಅದರ ಹೆಸರಿನಲ್ಲೇ ಇದೆ.

ಅವಳು ಆ ಚಮಚ ತಾನೇ ನೆಕ್ಕಿ
‘ಉಪ್ಪು ಸಾಲದು’ ಎಂದು ಹೋದಳು.

ಕಳೆದ ಸೋಮವಾರ, ಪಬ್ಬಿಗೆ ರಜೆ.
ಡೊರೀನ್ ನನ್ನ ಬಾಡಿಗೆ ಕೋಣೆಗೆ ಬಂದಳು, ಕೈಯಲ್ಲಿ ನಿಂಬೆಹಣ್ಣು.
ನಮ್ಮ ಮನೆಯ ಸಾರು ಮಾಡಿದ್ದೆ:
ತೊಗರಿಬೇಳೆ, ಇಂಗು, ತುಪ್ಪ,
ಒಣಗಿದ ನಾಲ್ಕು ಎಸಳು ಕರಿಬೇವು. ಅಷ್ಟೇ.
ಬಟ್ಟಲು ಎತ್ತಿ ಕುಡಿದಳು.
ಕಣ್ಣು ಮುಚ್ಚಿ ಇನ್ನೊಂದು ಗುಟುಕು.
‘ಯಾವುದು ಹಾಕಿದೆ? ಕಂದಲ್ಲ,
ಕೆಂಪಂತೂ ಅಲ್ಲವೇ ಅಲ್ಲ.’

ನಾನು ನನ್ನ ಹತ್ತು ಬೆರಳುಗಳನ್ನು ನೋಡಿದೆ,
ಎಷ್ಟು ತೊಳೆದರೂ ಹೋಗದ ಎರಡು ವರ್ಷ.
ನನ್ನ ಬಟ್ಟಲಿನಲ್ಲೂ ಅದೇ ಸಾರು,
ಇನ್ನೂ ಬಿಸಿ.